ನಮ್ಮೋರು ಯಾರಾದ್ರೂ ನೋಡಿದ್ರೆ?

"ಅಲ್ರೀ, ಅಲ್ಲಿ ನಮ್ಮೋರು ಯಾರಾದ್ರೂ ನೋಡಿದ್ರೆ?"

ಈ ವಾರ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಅಕ್ಕ ಕೇಳಿದ ಮಾತು. ಪಕ್ಕದಲ್ಲಿ ಅವರ ತಮ್ಮ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ನಡುಗುವ ಕೈ ಯಾರಿಗೂ ಕಾಣಬಾರದು ಅಂತ ಎರಡನ್ನೂ ತೊಡೆಯಡಿ ಒತ್ತಿಕೊಂಡು ಕೂತಿದ್ದ. ಎ.ಎ. ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಕೂಡಿ ಮಾತಾಡಿ ಒಬ್ಬರಿಗೊಬ್ಬರು ಆಸರೆಯಾಗುವ ಸಂಘ. ಅದರ ಸಭೆಗೆ ಹೋಗಿ ಅಂದಾಗ ಎಲ್ಲಿ, ಯಾವಾಗ, ಎಷ್ಟು ಖರ್ಚು ಅಂತ ಕೇಳಬಹುದಿತ್ತು. ಆ ಅಕ್ಕನಿಗೆ ಮೊದಲು ಬಂದ ಪ್ರಶ್ನೆ ಇದು. ವೈನ್ ಶಾಪಿನ ಮುಂದೆ ತಮ್ಮ ಹಾಡಹಗಲೇ ನಿಂತು ಕುಡಿಯುತ್ತಾನೆ ಅಂತ ಐದು ನಿಮಿಷದ ಹಿಂದೆ ಅವರೇ ಹೇಳಿದ್ದರು. ಅಲ್ಲಿ ನೋಡಿದ ನಮ್ಮೋರ ಚಿಂತೆ ಇಲ್ಲ, ಬಿಡೋಕೆ ಹೋದಾಗ ನೋಡುವ ನಮ್ಮೋರ ಭಯ!

ಜೊತೆಗೆ ಬಂದಿದ್ದ ಭಾವನಿಗೆ ಬಾಯಿ ಜೋರು. "ಇದೆಲ್ಲ ಯಾಕ್ರೀ, ಒಂದು ಪುಡಿ ಬರುತ್ತಂತೆ, ಗೊತ್ತಾಗ್ದಂಗೆ ಸಾರಿಗೆ ಹಾಕಿಬಿಟ್ರಾಯ್ತು" ಅಂದ. ಇಂಥವರ ಧೈರ್ಯ ನೋಡಿದರೆ ಸಿಟ್ಟು ಬರುತ್ತದೆ. ಆ ಪುಡಿಗಳಲ್ಲಿ ಏನಿದೆಯೋ ಪ್ಯಾಕೆಟ್ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರಂತೂ ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ ಶುರು ಮಾಡುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ.

ಸಭೆಗಿಂತ ಮೊದಲು ಆ ಕೈ ನಡುಕ ನೋಡಬೇಕು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6 ಗಂಟೆಯಷ್ಟರಲ್ಲಿ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು. ಇದು ಮನೆಯಲ್ಲಿ ಕೋಣೆಗೆ ಬೀಗ ಹಾಕಿ ದಾಟಿಸುವ ಸ್ಥಿತಿಯಲ್ಲ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಗ್ಲೂಕೋಸ್ ಏರಿಸುವ ಮುಂಚೆ ಬಿ-1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಸಭೆ ಏನಿದ್ದರೂ ಆಮೇಲಿನ ವರ್ಷಗಳಿಗೆ.

ಹುಡುಕುವುದು ಹೇಗೆ? ಫೋನಿನ ಮ್ಯಾಪಿನಲ್ಲಿ ಹುಡುಕಿದರೆ ಮೊದಲು ಕಾಣುವುದು ದುಡ್ಡು ಕಟ್ಟಿ ಸೇರುವ ವ್ಯಸನಮುಕ್ತಿ ಕೇಂದ್ರಗಳು. ಅವು ಬೇರೆ, ಎ.ಎ. ಬೇರೆ. ಎ.ಎ.ಗೆ ಶುಲ್ಕವಿಲ್ಲ. ಸಭೆಯ ಕೊನೆಗೆ ಚೀಲವೋ ಡಬ್ಬಿಯೋ ಸುತ್ತುತ್ತದೆ, ಹೊಸಬರು ಹಾಕಬೇಕಿಲ್ಲ. ಹೊರಗಿನವರ ದೇಣಿಗೆಯನ್ನೂ ಅವರು ಮುಟ್ಟುವುದಿಲ್ಲ. ಪ್ರವೇಶಕ್ಕೆ ಮುಂಗಡ ಕೇಳಿದರೆ ಅದು ಎ.ಎ. ಅಲ್ಲ. ಕೇಂದ್ರಕ್ಕೇ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯೇ ಕೇಳಿ.

ಎ.ಎ. ಸಹಾಯವಾಣಿಗೆ ಫೋನ್ ಮಾಡಿದಾಗ ಬರೀ ವಿಳಾಸ ಬರೆದುಕೊಂಡರೆ ಸಾಲದು. ವಾರ, ಸಮಯ, ಯಾವ ಕಟ್ಟಡದ ಯಾವ ಕೋಣೆ, ಕನ್ನಡದಲ್ಲಿ ನಡೆಯುತ್ತದೆಯೇ, ಕುಡಿಯುವವರಿಗಷ್ಟೆಯೇ ಅಥವಾ ಮನೆಯವರೂ ಕೂರುವ ಮುಕ್ತ ಸಭೆಯೇ, ಇಷ್ಟನ್ನೂ ಕೇಳಿ. ಜೊತೆಗೆ ಆ ಗುಂಪಿನ ಒಬ್ಬ ಸದಸ್ಯರ ನಂಬರು. ಹೊರಡುವ ದಿನ ಅವರಿಗೆ ಫೋನ್ ಮಾಡಿಯೇ ಹೊರಡಬೇಕು. ಸಣ್ಣ ಊರಿನ ಗುಂಪು ನಿಂತಿರುವುದು ಎರಡು ಮೂರು ಜನರ ಮೇಲೆ. ಒಬ್ಬರಿಗೆ ವರ್ಗವಾದರೂ ಸಭೆ ನಿಲ್ಲುತ್ತದೆ, ಪಟ್ಟಿಯಲ್ಲಿ ಮಾತ್ರ ಹಾಗೇ ಇರುತ್ತದೆ. ಶಾಲೆಯ ಕೋಣೆಯಾದರೆ ಪರೀಕ್ಷೆ, ರಜೆಗಳಲ್ಲಿ ಬೀಗ. ಬೀಗ ನೋಡಿ ವಾಪಸಾದವನನ್ನು ಇನ್ನೊಮ್ಮೆ ಹೊರಡಿಸುವ ಕಷ್ಟ ಮನೆಯವರಿಗೇ ಗೊತ್ತು.

ಎಲ್ಲೂ ದಾರಿ ಸಿಗದಿದ್ದರೆ 14446 ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಹಳ್ಳಿ ಕಡೆಯವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಗೊತ್ತಿರುತ್ತದೆ. ಶಿಬಿರದ ದಿನಗಳಿಗಿಂತ ಅದು ಮುಗಿದ ಮೇಲೆ ಊರಲ್ಲಿ ಕೂಡುವ ನವಜೀವನ ಸಮಿತಿಯೇ ಮುಖ್ಯ. ಶಿಬಿರಕ್ಕೆ ಹೋಗಿ ಸಮಿತಿಗೆ ಹೋಗದವರು ಅರ್ಧ ಕೆಲಸ ಬಿಟ್ಟಂತೆ.

ಮತ್ತೆ ಆ ಅಕ್ಕನ ಪ್ರಶ್ನೆಗೇ ಬರೋಣ. ಎ.ಎ.ಯಲ್ಲಿ ಮನೆತನದ ಹೆಸರು, ಊರು, ಜಾತಿ ಯಾರೂ ಕೇಳುವುದಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಅಲ್ಲಿ ಪರಿಚಯದವರು ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಅಷ್ಟಕ್ಕೂ ಈ ಸಂಘ ಹುಟ್ಟಿದ್ದೇ ಇನ್ನೊಬ್ಬ ಕುಡುಕನನ್ನು ಹುಡುಕುತ್ತಾ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆ ಹೋಗಿದ್ದ ಬಿಲ್ ಎಂಬಾತ, ಹೋಟೆಲಿನ ಬಾರಿಗೆ ಕಾಲಿಡುವ ಬದಲು ಫೋನಿನ ಹತ್ತಿರ ಹೋಗಿ, ಚರ್ಚಿನವರ ಮೂಲಕ ತನ್ನಂಥ ಇನ್ನೊಬ್ಬನನ್ನು ಪತ್ತೆ ಮಾಡಿದ. ಆ ಇನ್ನೊಬ್ಬ ಶಸ್ತ್ರವೈದ್ಯ. ಡಾಕ್ಟರಿಗೇ ಬೇಕಾದದ್ದು ಭಟ್ಟಿಯವನಿಗೆ ಬೇಡವೇ?

ಇಷ್ಟು ಹೇಳಿದರೂ ಮರ್ಯಾದೆಯ ಅಂಜಿಕೆ ಹೋಗದಿದ್ದರೆ ಅದರ ಜೊತೆ ಜಗಳ ಬೇಡ. ದಾವಣಗೆರೆಯವರು ಚಿತ್ರದುರ್ಗದಲ್ಲಿ, ದುರ್ಗದವರು ಇಲ್ಲಿ ಸಭೆ ಇದೆಯೇ ಅಂತ ವಿಚಾರಿಸಲಿ. ಬಸ್ಸಿಗೆ ಒಂದೂವರೆ ಗಂಟೆ ಹಾದಿ. ಆನ್‌ಲೈನ್ ಸಭೆಗಳೂ ಇವೆ, ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಅಕ್ಕನಂಥ ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯದೇ ಗುಂಪಿದೆ. ತಮ್ಮ ಬರಲಿ ಬಿಡಲಿ, ಅವರು ಹೋಗಬಹುದು.

90 ದಿನದಲ್ಲಿ 90 ಸಭೆ ಅನ್ನುವ ಅಮೆರಿಕದ ಸಲಹೆ ದಿನಕ್ಕೆ ಹತ್ತು ಸಭೆ ನಡೆಯುವ ಊರಿಗೆ ಸರಿ. ವಾರಕ್ಕೊಂದೋ ಎರಡೋ ಇರುವ ಕಡೆ ಮಿಕ್ಕ ದಿನಗಳನ್ನು ಫೋನೇ ತುಂಬಬೇಕು. ಮೊದಲ ಸಭೆಯಲ್ಲೇ ಮೂವರ ನಂಬರು ತೆಗೆದುಕೊಳ್ಳಿ, ಒಬ್ಬರು ಎತ್ತದಿದ್ದರೆ ಇನ್ನೊಬ್ಬರು. ಅದರಲ್ಲೂ ಬಟವಾಡೆ ದಿನ, ದುಡ್ಡು ಕೈಗೆ ಬಂದ ಮೇಲಲ್ಲ, ಬರುವ ಮೊದಲೇ ಫೋನ್ ಮಾಡಬೇಕು. ಫೋನ್ ಮಾಡಬೇಕಾದವನು ತಮ್ಮ. ಭಾವ ಅಲ್ಲ.