ಪದ್ಮಿನಿಗೆ ಯಾವ ಬ್ರೇಕ್ ಆಯಿಲ್ ಹಾಕ್ತೀರಿ?

ಬೆಳಗಾವಿಯ ಟಿಳಕವಾಡಿಯಲ್ಲಿ ಚಹಾಕ್ಕೆ ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ನಿಲ್ಲಿಸಿದರೂ ಇದೇ ಪ್ರಶ್ನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಇದೇ. "ಸರ, ಪದ್ಮಿನಿಗೆ ಯಾವ ಬ್ರೇಕ್ ಆಯಿಲ್ ಹಾಕ್ತೀರಿ?"

ಡಾಟ್ 4. ಡಾಟ್ ಅಂದರೆ ಬ್ರೇಕಿನ ದ್ರವದ ದರ್ಜೆ, ಡಬ್ಬಿಯ ಮೇಲೇ ಬರೆದಿರುತ್ತದೆ. ಡಾಟ್ 3 ಹಾಕಿದರೂ ನಡೆಯುತ್ತದೆ. ಅಂಬಾಸಿಡರಿಗೂ ಇದೇ ಉತ್ತರ. ನಂಬರ್ ದೊಡ್ಡದಿದ್ದರೆ ಮಾಲು ಚಲೋ ಅಂತ ಡಾಟ್ 5 ತರಬೇಡಿ. ಅದು ಸಿಲಿಕೋನ್, ಹಳೆಯದರ ಜೊತೆ ಬೆರೆಯುವುದಿಲ್ಲ. ಒಳಹೊಕ್ಕ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿ ನಿಂತು, ಗಾಲಿಯ ಬಳಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಡಾಟ್ 5.1 ಬೇರೆ, ಅದು 3 ಮತ್ತು 4ರ ಬಳಗದ್ದೇ.

ಆದರೆ ಆ 'ಆಯಿಲ್' ಅನ್ನೋ ಮಾತು ಬಿಡ್ರಿ. ಅದು ಎಣ್ಣೆಯೇ ಅಲ್ಲ. ಬಾಗಲಕೋಟೆಯ ಗೆಳೆಯನ ಅಂಬಾಸಿಡರಿಗೆ ಗ್ಯಾರೇಜಿನ ಹುಡುಗನೊಬ್ಬ ಈ ಹೆಸರು ನಂಬಿಯೇ ಎಂಜಿನ್ ಆಯಿಲ್ ಸುರಿದಿದ್ದ. ರಬ್ಬರ್ ಕಪ್‌ಗಳೆಲ್ಲ ಉಬ್ಬಿ ನಾಲ್ಕೂ ಗಾಲಿ ಹಿಡಿದುಕೊಂಡವು. ಪೆಡಲ್ ತುಳಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೋಸ್ ತನಕ ರಬ್ಬರಿನದೆಲ್ಲ ಬದಲಿಸಬೇಕಾಯಿತು. ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನಾವೇ ಕಲಿಸಿದ ಹೆಸರು.

ಯಾವುದು ಹಾಕ್ತೀರಿ ಅನ್ನುವವರು ಹಾಕಿ ಎಷ್ಟು ವರ್ಷವಾಯಿತು ಅಂತ ಯಾಕೆ ಕೇಳುವುದಿಲ್ಲ? ಡಾಟ್ 4 ಗಾಳಿಯ ತೇವ ಹೀರುತ್ತದೆ, ನಮ್ಮ ಬೆಳಗಾವಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೊಸದು ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ 3.7ರಷ್ಟು ನೀರು ಸೇರಿತೆಂದರೆ 155ಕ್ಕೇ ಕುದಿಯಬಹುದು.

ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವಾಗ ನನಗೆ ಆದದ್ದು ಅದೇ. ಅವ್ವ ಹಿಂದಿನ ಸೀಟಿನಲ್ಲಿದ್ದಳು. ತಿರುವು ತಿರುವಿಗೂ ಬ್ರೇಕ್ ತುಳಿಯುತ್ತ ಬಂದಿದ್ದೆ. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗೆ ನೆಲಕ್ಕೆ ಹೋಯಿತು. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಿಡಿದು, ಗುಡ್ಡದ ಬದಿಯ ಮಣ್ಣಿಗೆ ಗಾಡಿ ತಾಗಿಸಿ ನಿಲ್ಲಿಸಿದೆ. ಅವ್ವ ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ತುಳಿದು ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿ! ಪೈಪಿನೊಳಗೆ ಕುದಿದು, ತುಳಿದರೆ ಕುಗ್ಗುವ ಆವಿಯಾದದ್ದು ತಣ್ಣಗಾಗಿ ಮತ್ತೆ ದ್ರವವಾಗಿತ್ತು. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ, ಗಾಲಿಗೆ ಉಜ್ಜಿ ತಡೆಯುವ ಲೈನರ್ ಬಿಸಿಯಾಗಿದೆ ಅಂತ ತಿಳಿಯಬಹುದು. ಇದು ಹಾಗಲ್ಲ. ಮನೆಗೆ ಬಂದು ಬಿಚ್ಚಿಸಿದರೆ ಕಪ್ಪು ಚಹಾದಂಥದ್ದು ಸುರಿಯಿತು, ಒಂಬತ್ತು ವರ್ಷದ್ದು.

"ನಮ್ಮಪ್ಪ ಇಪ್ಪತ್ತು ವರ್ಷ ಬದಲಿಸಿಲ್ಲ, ಏನೂ ಆಗಿಲ್ಲ" ಅನ್ನುತ್ತಾರೆ ವಿಜಯಪುರದವರು. ಸಪಾಟು ರಸ್ತೆ ನಿಮ್ಮಪ್ಪನನ್ನು ಕಾಪಾಡಿತು, ಅಷ್ಟೇ. ಘಾಟ್ ಇಳಿಯುವವರು ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಿ, ನಾಲ್ಕೂ ಗಾಲಿಯ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿ. ಬಿಚ್ಚಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹೊಯ್ಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಈಗ ನನ್ನ ಬಾನೆಟ್ಟಿನ ಒಳಗೆ ತಾರೀಖು ಬರೆದ ಚೀಟಿ ಅಂಟಿಸಿದ್ದೇನೆ. ಗೋವಾಕ್ಕೆ ಹೊರಡುವಾಗೆಲ್ಲ ಅವ್ವ ಮೊದಲು ಬಾನೆಟ್ ತೆಗೆಸಿ ಆ ಚೀಟಿ ನೋಡುತ್ತಾಳೆ, ಆಮೇಲೆ ಹತ್ತುತ್ತಾಳೆ.