ಇನ್ನೂ ಐದು ನಿಮಿಷ ತಡ್ಕೋ

ಶನಿವಾರ ಬೆಳಿಗ್ಗೆ 8ಕ್ಕೆ ಕೂದಲು ಕಟ್ಟಿಸಿಕೊಳ್ಳಲು ಕುರ್ಚಿಯಲ್ಲಿ ಕೂತ ನನ್ನ ಗೆಳತಿ ಎದ್ದಾಗ ಸಂಜೆ 7 ಗಂಟೆ. ನಾನು ಜೊತೆಗಿರಲಿ ಅಂತ ಹೋದವಳು. ನಾಲ್ಕು ದಿನ ಆಯ್ತು, ಅವಳು ಅಲ್ಲಿ ಹೇಳಿದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ.

ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ಒಂದು ಮನೆಯ ಕೆಳಗಿನ ಕೋಣೆ. ಲಾಕ್ಸ್ ಅಂದರೆ ಸಿಕ್ಕು ಕಟ್ಟಿಸಿ ಹಗ್ಗದ ಎಳೆಗಳ ಹಾಗೆ ಮಾಡಿದ ಗುಂಗುರು ಕೂದಲು. ಅದನ್ನು ಕಟ್ಟಿಕೊಡುವವರನ್ನು ಇಲ್ಲಿ ಲಾಕ್ಟಿಷಿಯನ್ ಅಂತಾರೆ. ಅರವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಕೈಯಲ್ಲಿ ನಮ್ಮಜ್ಜಿ ಲೇಸ್ ಹೆಣೆಯುತ್ತಿದ್ದಂಥದ್ದೇ ಕ್ರೋಶಾ ಕಡ್ಡಿ, ತುದಿ ಮಾತ್ರ ಇನ್ನೂ ಸಣ್ಣದು.

ಆರು ವರ್ಷದಿಂದ ನಾವು ಅಕ್ಕಪಕ್ಕದ ಮನೆಯವರು. ಅವಳು ಕಪ್ಪು ಜನಾಂಗದವಳು, ಆದರೂ ಅವಳ ಕೂದಲು ಹುಟ್ಟಿನಿಂದಲೇ ನೇರ ಅಂದುಕೊಂಡಿದ್ದೆ. ರೇಷ್ಮೆ ಥರ ಇದೆ ಅಂತ ಎಷ್ಟು ಸಲ ಹೊಗಳಿದ್ದೀನೋ. ಅವಳು ಪ್ರತಿ ಸಲ ನಕ್ಕು ಥ್ಯಾಂಕ್ಸ್ ಹೇಳಿದ್ದಳು.

ಅದು ರಿಲ್ಯಾಕ್ಸರ್. ಕೂದಲಿನ ಒಳಗಿನ ಕಟ್ಟನ್ನೇ ಮುರಿದು ನೇರ ಮಾಡುವ ಕ್ಷಾರ. ಒಂದು ಬಗೆಯಲ್ಲಿ ಕಾಸ್ಟಿಕ್ ಸೋಡಾ ಇರುತ್ತೆ. ಮನೆಯಲ್ಲೇ ಹಚ್ಚಿಕೊಳ್ಳುವ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಂದರೆ ಸುಣ್ಣ. ನಾವು ಎಲೆಗೆ ಹಚ್ಚುವ ಅದೇ ಸುಣ್ಣದ ಜಾತಿ, ಜೊತೆಗೆ ಇನ್ನೊಂದು ಪುಡಿ ಕಲಸಿ ಮತ್ತಷ್ಟು ಖಾರ ಮಾಡಿದ್ದು. ಸುಣ್ಣ ಜಾಸ್ತಿಯಾದರೆ ಬಾಯಿ ಬೇಯುತ್ತೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದನ್ನು ನೆತ್ತಿಗೆ ಹಚ್ಚಿ ಕೂರಬೇಕು. ಒಮ್ಮೆ ನೇರವಾದ ಕೂದಲು ಮತ್ತೆ ಗುಂಗುರಾಗಲ್ಲ, ಆದರೆ ಬುಡದಲ್ಲಿ ಹೊಸದು ತನ್ನ ರೂಪದಲ್ಲೇ ಹುಟ್ಟುತ್ತೆ. ಹಾಗಾಗಿ ಆರೆಂಟು ವಾರಕ್ಕೊಮ್ಮೆ ಮತ್ತೆ ಅದೇ ಕೆಲಸ.

ಅವಳಿಗೆ ಮೊದಲ ಸಲ ಹಚ್ಚಿದಾಗ ಏಳು ವರ್ಷ. ಭಾನುವಾರ ಚರ್ಚ್‌ಗೆ ಹೋಗಬೇಕು ಅಂತ ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಕೂರಿಸಿ ಅವಳಮ್ಮ ಹಚ್ಚಿದ್ದು.

“ಉರೀತಿದೆಯಾ?” ಅಂತ ಅಮ್ಮ ಕೇಳುತ್ತಿದ್ದರಂತೆ.

“ಸ್ವಲ್ಪ.”

“ಇನ್ನೂ ಐದು ನಿಮಿಷ ತಡ್ಕೋ.”

ಇಷ್ಟೇ ಮಾತು. ಮಾರನೇ ದಿನ ಕಿವಿಯ ಹಿಂದೆ ಹಕ್ಕಳೆ ಕಟ್ಟಿರುತ್ತಿತ್ತಂತೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಅಮ್ಮನ ಮೇಲೆ ಸಿಟ್ಟೇ ಇರಲಿಲ್ಲ. ನನಗೆ ಮಾತ್ರ ಮೊದಲು ಆ ಅಮ್ಮನ ಮೇಲೇ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಮಗಳ ಕೂದಲು ನೋಡಿ ಶಾಲೆಯವರು, ಮುಂದೆ ಕೆಲಸ ಕೊಡುವವರು ಏನು ಮಾಡುತ್ತಾರೆ ಅಂತ ಆ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೆದರಿಕೆ ಅಲ್ಲ ಅದು. ಇದೇ ನ್ಯೂಜೆರ್ಸಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಹೈಸ್ಕೂಲ್ ಹುಡುಗನೊಬ್ಬ ಕುಸ್ತಿಗೆ ಇಳಿದಾಗ, ಲಾಕ್ಸ್ ಕತ್ತರಿಸಿಕೋ, ಇಲ್ಲಾ ಪಂದ್ಯ ಬಿಟ್ಟುಕೊಡು ಅಂದರು. ಅಷ್ಟು ಜನರ ಎದುರಿಗೇ ಕತ್ತರಿ ಹಾಕಿದರು. ಆ ವಿಡಿಯೋದಲ್ಲಿ ಹುಡುಗನ ಮುಖ ನೋಡಲು ಆಗಲ್ಲ. ಸರಿಯಾಗಿ ಒಂದು ವರ್ಷಕ್ಕೆ, 2019ರ ಡಿಸೆಂಬರ್ 19ಕ್ಕೆ, ಕೂದಲಿನ ಕಾರಣಕ್ಕೆ ಭೇದ ಮಾಡಬಾರದು ಅಂತ ರಾಜ್ಯದಲ್ಲಿ ಕ್ರೌನ್ ಕಾಯ್ದೆ ಬಂತು. ತಲೆಯ ಮೇಲೆ ತಾನಾಗಿ ಹುಟ್ಟುವುದನ್ನು ಇಟ್ಟುಕೊಳ್ಳಲು ಒಂದು ಕಾನೂನು ಬೇಕಾಯ್ತು ನೋಡಿ.

ಗೆಳತಿ ರಿಲ್ಯಾಕ್ಸರ್ ಬಿಟ್ಟು ಹತ್ತು ತಿಂಗಳಾಗಿತ್ತು. 2022ರಲ್ಲಿ ಬಂದ ಅಧ್ಯಯನದ ಸುದ್ದಿಯನ್ನು ಅವಳು ಆಗಲೇ ಓದಿದ್ದಳಂತೆ. 33,947 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ. ಕೂದಲು ನೇರ ಮಾಡುವ ಔಷಧಿಯನ್ನು ಪದೇ ಪದೇ ಹಚ್ಚಿದವರಲ್ಲಿ 70 ವರ್ಷ ತುಂಬುವುದರೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ 100ಕ್ಕೆ 4ರಷ್ಟು, ಹಚ್ಚದವರಲ್ಲಿ 1.6ರಷ್ಟು. ಓದಿ ಹೆದರಿದಳು, ಆದರೂ ಬಿಡಲಿಲ್ಲ. ಅವಳನ್ನು ನಿಲ್ಲಿಸಿದ್ದು ಏಳು ವರ್ಷದ ಮಗಳು. “ಅಮ್ಮಾ, ನನಗೆ ಯಾವಾಗ ಹಚ್ತೀಯ?” ಅಂದಳಂತೆ.

ನೇರ ಮಾಡಿದ ಕೂದಲು ಲಾಕ್ ಆಗಲ್ಲ. ಸಿಕ್ಕು ಕಟ್ಟಿಕೊಳ್ಳುವ ಗುಣವೇ ಅದರಲ್ಲಿ ಉಳಿದಿರಲ್ಲ. ಪೂರ್ತಿ ಕತ್ತರಿಸಿಕೊಂಡು ಗಿಡ್ಡ ಕೂದಲಲ್ಲಿ ಆಫೀಸಿಗೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಅದಕ್ಕೇ ಎಕ್ಸ್‌ಟೆನ್ಷನ್, ಅಂದರೆ ಬೇರೆ ಕೂದಲು ಜೋಡಿಸಿ ಉದ್ದ ಮಾಡುವುದು. ಲಾಕ್ಟಿಷಿಯನ್ ಒಂದು ಎಳೆ ಎತ್ತಿ ನನಗೆ ತೋರಿಸಿದರು. ಬುಡದಿಂದ ಐದಿಂಚು ಒತ್ತಾದ ಸ್ಪ್ರಿಂಗ್ ಥರ, ಕೈ ಬಿಟ್ಟರೆ ಮುದುಡಿ ನೆತ್ತಿಗೆ ಅಂಟಿಕೊಳ್ಳುತ್ತೆ. ಅದರ ಕೆಳಗೆ ಜೀವ ಇಲ್ಲದ ದಾರದ ಹಾಗೆ ಇಳಿಬಿದ್ದದ್ದು. ಎರಡೂ ಸೇರುವ ಗೆರೆಯಲ್ಲಿ ಬೆರಳಿಟ್ಟು ಮೆಲ್ಲಗೆ ಎಳೆದರು. ಅಲ್ಲೇ ತುಂಡಾಯ್ತು.

ಆಮೇಲೆ ಒಂದೊಂದೇ ಎಳೆಯ ನೇರ ಭಾಗ ಕತ್ತರಿಸುವುದು, ಉಳಿದದ್ದಕ್ಕೆ ಪ್ಯಾಕೆಟ್ಟಿನ ಗುಂಗುರು ಕೂದಲು ಸುತ್ತುವುದು, ಕಡ್ಡಿಯಿಂದ ಒಳಗೂ ಹೊರಗೂ ಚುಚ್ಚಿ ಎರಡನ್ನೂ ಒಂದು ಮಾಡುವುದು. ಚಿಕ್ಕಂದಿನಲ್ಲಿ ಅಮ್ಮ ನನ್ನ ತಲೆಯ ಸಿಕ್ಕು ಬಿಡಿಸಲು ಗಂಟೆಗಟ್ಟಲೆ ಒದ್ದಾಡುತ್ತಿದ್ದರು. ಇಲ್ಲಿ ಅಷ್ಟೇ ಪ್ರೀತಿಯಿಂದ ಸಿಕ್ಕು ಕಟ್ಟುತ್ತಿದ್ದರು. ಹೀಗೆ 90 ಲಾಕ್ಸ್. ಒಂದೆರಡು ವರ್ಷದಲ್ಲಿ ಅವಳದೇ ಕೂದಲು ಸಾಕಷ್ಟು ಇಳಿದ ಮೇಲೆ, ಬೇಕಿದ್ದರೆ ಜೋಡಿಸಿದ ತುದಿ ಕತ್ತರಿಸಿ ಹಾಕಬಹುದು.

ಮಧ್ಯಾಹ್ನದ ಹೊತ್ತಿಗೆ ಆಕೆ ಕೈ ನಿಲ್ಲಿಸಿ, “ಎಳೀತಿದೆಯಾ?” ಅಂದರು.

“ಸ್ವಲ್ಪ,” ಅಂದಳು ಗೆಳತಿ.

ಆಕೆ ಆಗಲೇ ಕಟ್ಟಿದ್ದ ಆ ಲಾಕ್ ಪೂರ್ತಿ ಬಿಚ್ಚಿ, ಸಡಿಲವಾಗಿ ಮತ್ತೆ ಶುರು ಮಾಡಿದರು. ಗೆಳತಿ ಅಳತೊಡಗಿದಳು. ಐದು ನಿಮಿಷದ ಕಥೆ ಅವಳು ಹೇಳಿದ್ದು ಆಗ.

ನನಗೆ ನೆನಪಾದದ್ದು ಯಲ್ಲಾಪುರದ ಕಡೆಯ ನಮ್ಮ ಶಾಲೆ. ಅಲ್ಲಿ ನನ್ನ ಪಕ್ಕ ಒಬ್ಬಳು ಸಿದ್ದಿ ಹುಡುಗಿ ಕೂರುತ್ತಿದ್ದಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮನೆತನ. ದಿನಾ ಕೊಬ್ಬರಿ ಎಣ್ಣೆ ಸುರಿದು, ನೀರು ಹಚ್ಚಿ, ಕೂದಲನ್ನು ತಲೆಗೆ ಒತ್ತಿಕೊಂಡು ಬರುತ್ತಿದ್ದಳು. ಎರಡನೇ ಪಿರಿಯಡ್ ಮುಗಿಯುವಷ್ಟರಲ್ಲಿ ಅದು ಮತ್ತೆ ಮೇಲೆದ್ದಿರುತ್ತಿತ್ತು. “ತಲೆ ಬಾಚ್ಕೊಂಡು ಬರ್ಲಿಕ್ಕೆ ಆಗೂದಿಲ್ವಾ?” ಅಂತ ಮೇಷ್ಟ್ರು ಒಂದು ದಿನ ಎಲ್ಲರೆದುರು ಕೇಳಿದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ಎರಡೂ ಕೈಯಿಂದ ತಲೆ ಒತ್ತಿ ಹಿಡಿದುಕೊಂಡಳು. ಆ ಮೇಷ್ಟ್ರು ಪಾಠ ಚೆನ್ನಾಗಿ ಮಾಡುತ್ತಿದ್ದರು, ಎಷ್ಟೋ ಜನರ ಫೀಸು ತಾವೇ ಕಟ್ಟಿದ್ದರು. ಆದರೂ ಅವತ್ತು ಅವರು ಮಾಡಿದ್ದು ತಪ್ಪು. ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಊಟಕ್ಕೆ ಬಿಟ್ಟಾಗ ನಾವಿಬ್ಬರೂ ಡಬ್ಬಿ ಹಂಚಿಕೊಳ್ಳುತ್ತಿದ್ದೆವು.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಸಿದ್ದಿ ಗೆಳತಿ ಈಗ ಎಲ್ಲಿದ್ದಾಳೆ ಗೊತ್ತಾ ಅಂತಲೂ ಕೇಳಿದೆ.

“ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು ಮಾರಾಯ್ತಿ. ಮಗಳೂ ಇತ್ತು. ಪಿಯುಸಿ ಅಂತೆ. ಆ ಹುಡುಗಿ ಪಾರ್ಲರಲ್ಲಿ ಕೂದಲು ಸ್ಟ್ರೇಟ್ ಮಾಡಿಸ್ಕೊಂಡದೆ, ಬೆನ್ನ ತನಕ. ಎಷ್ಟ್ ಚಂದ ಕಾಣ್ತದೆ ಗೊತ್ತುಂಟಾ?”

ನನಗೆ ಮಾತು ಬರಲಿಲ್ಲ. ಆಮೇಲೆ ಕೇಳಿದೆ. “ಉರೀಲಿಲ್ವಂತಾ ಅಮ್ಮಾ?”

“ಏನು?” ಅಂದರು ಅಮ್ಮ. “ಲೈನ್ ಸರಿ ಇಲ್ಲ, ಜೋರಾಗಿ ಹೇಳು.”