ಊರಿನ ಸಿಮ್ ಪರ್ಸಿಗೆ ಬೇಡ, ಫೋನಿನಲ್ಲೇ ಇರಲಿ

ಟೂರ್ ಮ್ಯಾನೇಜರ್ ಅಂದರೆ ಬಾವುಟ ಹಿಡಿದು ಮುಂದೆ ಮುಂದೆ ನಡೆಯುವವನು ಅಂತ ಬಹಳ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಅರ್ಧ ಹೊತ್ತು ಬೇರೆಯವರ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಕಳೆಯುತ್ತದೆ. ಬೆಂಗಳೂರಿನಿಂದ ಯುರೋಪಿಗೆ ನನ್ನ ಜೊತೆ ಬರುವವರಲ್ಲಿ ಹೆಚ್ಚಿನವರು ನಿವೃತ್ತರು. ಪಾಸ್‌ಪೋರ್ಟ್ ಜೋಪಾನವಾಗಿಟ್ಟುಕೊಳ್ಳುತ್ತಾರೆ, ಬಿಪಿ ಮಾತ್ರೆ ಮರೆಯುವುದಿಲ್ಲ, ಚಟ್ನಿಪುಡಿಯಂತೂ ಇಡೀ ಬಸ್ಸಿಗೆ ಸಾಲುವಷ್ಟಿರುತ್ತದೆ. ಎಡವಟ್ಟಾಗುವುದು ಸಿಮ್ ವಿಷಯದಲ್ಲಿ.

ಪ್ಯಾರಿಸ್‌ನಲ್ಲಿ ಇಳಿದ ಕೂಡಲೇ ಹೊಸ ಸಿಮ್ ಹಾಕಿಕೊಳ್ಳುವ ಆತುರ. ಊರಿನ ಸಿಮ್ಮನ್ನು ಕಿತ್ತು, ಬೋರ್ಡಿಂಗ್ ಪಾಸಿನ ಚೂರಿನಲ್ಲಿ ಸುತ್ತಿ ಎಲ್ಲೋ ತುರುಕುತ್ತಾರೆ. ದಾವಣಗೆರೆ ಕಡೆಯ ಮೇಷ್ಟ್ರೊಬ್ಬರು ಹೀಗೇ ಮಾಡಿದ್ದರು. ಲೂಸರ್ನ್‌ನ ಅಂಗಡಿಯೊಂದರಲ್ಲಿ ಮಗಳಿಗೆ ವಾಚ್ ಆರಿಸಿ ಕಾರ್ಡ್ ಕೊಟ್ಟರೆ ಅದು ನಡೆಯಲಿಲ್ಲ.

“ಅಕೌಂಟಲ್ಲಿ ದುಡ್ಡೈತಲ್ಲಪ್ಪಾ, ಏನಂತೆ ಇದಕ್ಕೆ?”

ದುಡ್ಡೇನೋ ಇತ್ತು. ಆದರೆ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸದಾಗಿ ಕೊಡುವ ಕಾರ್ಡು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತದೆ. ಹೊರದೇಶದ ಬಳಕೆಯನ್ನು ಗ್ರಾಹಕರೇ ಚಾಲೂ ಮಾಡಿಕೊಳ್ಳಬೇಕು. ಅದಕ್ಕೆ ಬ್ಯಾಂಕಿನ ಆ್ಯಪ್ ತೆರೆದೆವು. ಆ್ಯಪ್‌ಗೆ ಅವರ ಹಳೇ ನಂಬರಿನ ಸಿಮ್ ಅದೇ ಫೋನಿನಲ್ಲಿ ಕಾಣಬೇಕು. ಸಿಮ್ ಅಮ್ಮನವರ ಹ್ಯಾಂಡ್‌ಬ್ಯಾಗಿನಲ್ಲಿ, ಹ್ಯಾಂಡ್‌ಬ್ಯಾಗ್ ಹೋಟೆಲಿನಲ್ಲಿ. ಬಸ್ ಹೊರಡಲು ಹತ್ತೇ ನಿಮಿಷ. ಕೊನೆಗೆ ಜೊತೆಗಿದ್ದ ಇನ್ನೊಬ್ಬರು ತಮ್ಮ ಕಾರ್ಡ್ ಉಜ್ಜಿದರು, ವಾಚ್ ಬಂತು. ಹಾಗೆ ಕೈಹಿಡಿಯುವವರು ಎಲ್ಲ ಗುಂಪಿನಲ್ಲೂ ಸಿಗುವುದಿಲ್ಲ.

ಹಾಗಾಗಿ ಈಗ ಹೊರಡುವ ಮುಂಚಿನ ಮೀಟಿಂಗ್‌ನಲ್ಲಿ ಐಫೆಲ್ ಟವರಿನ ಮಾತೆತ್ತುವ ಮೊದಲೇ ಎಲ್ಲರ ಫೋನನ್ನೂ ಮೇಜಿನ ಮೇಲೆ ಇಡಿಸುತ್ತೇನೆ. ಊರಿನ ಸಿಮ್ ಅದರ ಜಾಗದಲ್ಲೇ ಇರಬೇಕು. ಅದಕ್ಕೆ ಇಂಟರ್‌ನ್ಯಾಷನಲ್ ರೋಮಿಂಗ್ ಇಲ್ಲಿಂದಲೇ ಚಾಲೂ ಆಗಿರಬೇಕು. ರೀಚಾರ್ಜ್ ವಾಪಸ್ ಬರುವ ದಿನ ದಾಟಿ ಇರಬೇಕು. 28 ದಿನದ ಪ್ಲಾನು ನಡುದಾರಿಯಲ್ಲಿ ಮುಗಿದರೆ ಒಟಿಪಿಯೂ ನಿಂತುಹೋಗಬಹುದು. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ಪ್ಯಾಕ್ ಇಲ್ಲದೆ ಫೋನ್ ಎತ್ತಿದರೆ ನಿಮಿಷಕ್ಕಿಷ್ಟು ಅಂತ ಬೀಳುತ್ತದೆ, ಅದು ಸಾಲ ಕೊಡುತ್ತೇವೆ ಅನ್ನುವವರ ಕಾಲ್ ಆದರೂ ಸರಿ.

ಇನ್ನು ಡೇಟಾ. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಆಫ್, ಇಂಟರ್ನೆಟ್ಟಿಗೆ ಹೊಸ ಸಿಮ್ ಅಥವಾ ಇ-ಸಿಮ್, ಅಂದರೆ ಚಿಪ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಇಲ್ಲೊಂದು ಗೊಂದಲ ಇದ್ದೇ ಇರುತ್ತದೆ. ಟ್ರಾವೆಲ್ ಇ-ಸಿಮ್ ಎಷ್ಟೋ ಸಲ ಬೇರೆ ಯಾವುದೋ ದೇಶದ್ದಾಗಿರುತ್ತದೆ, ಅಂದರೆ ಅದೂ ರೋಮಿಂಗ್‌ನಲ್ಲೇ ಓಡುತ್ತದೆ. ಅದರದ್ದು ಮಾತ್ರ ಆನ್ ಇರಬೇಕು. “ಆಫ್ ಮಾಡಿ ಅಂತ ನೀನೇ ಹೇಳಿದ್ಯಲ್ಲೋ” ಅಂತ ಬೈಸಿಕೊಂಡು ಬೈಸಿಕೊಂಡು ಈಗ ಎರಡೂ ಸಿಮ್ಮಿಗೆ ಹೆಸರು ಹಾಕಿಬಿಡುತ್ತೇನೆ: ‘ಮನೆ’, ‘ಟೂರ್’. ಐಫೋನಿನಲ್ಲಿ ಡೇಟಾ ತಾನಾಗಿ ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಹಾರುವ ಸ್ವಿಚ್ ಬೇರೆ ಇದೆ, ಅದನ್ನೂ ಆಫ್ ಮಾಡಬೇಕು. ಹೊಸ ಸಿಮ್ ಕಂಡು ವಾಟ್ಸ್ಆ್ಯಪ್ ನಂಬರ್ ಬದಲಿಸಲೇ ಅಂತ ಕೇಳಿದರೆ ಬೇಡ ಅನ್ನಿ; ಹಳೇ ನಂಬರಿನಲ್ಲೇ ಎಲ್ಲ ನಡೆಯುತ್ತದೆ.

ಯುರೋಪಿಯನ್ ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್ ಶುಲ್ಕ ತೆಗೆದಿದ್ದಾರೆ. ಅಲ್ಲಿನ ಒಂದು ಸಿಮ್ಮಿನಲ್ಲೇ ಫ್ರಾನ್ಸ್, ಜರ್ಮನಿ, ಇಟಲಿ ಸುತ್ತಬಹುದು. ಸ್ವಿಟ್ಜರ್‌ಲೆಂಡ್ ಒಕ್ಕೂಟದಲ್ಲಿಲ್ಲ. ನಮ್ಮವರು ಅತಿ ಹೆಚ್ಚು ಫೋಟೊ ಕಳಿಸುವುದೇ ಅಲ್ಲಿನ ಹಿಮದಿಂದ! ಬಸ್ಸು ಗಡಿಯ ಬಾಸೆಲ್ ದಾಟುತ್ತಿದ್ದಂತೆ ಹಿಂದಿನ ಸೀಟಿನಿಂದ “ನೆಟ್ ಹೋಯ್ತು” ಅನ್ನುವ ಕೂಗು ಏಳುತ್ತದೆ. ಕೊಳ್ಳುವಾಗಲೇ ದೇಶಗಳ ಪಟ್ಟಿಯಲ್ಲಿ ಆ ಹೆಸರಿದೆಯಾ ಅಂತ ನೋಡಿಕೊಂಡರೆ ಮುಗಿಯಿತು. ಬ್ರಿಟನ್ನಿಗೂ ಇದೇ ಮಾತು.

ಮನೆಯಲ್ಲಿ ಉಳಿದವರಿಗೆ ಹೇಳುವುದೂ ನನ್ನ ಕೆಲಸವೇ ಆಗಿಹೋಗಿದೆ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಸಾಗರದಲ್ಲಿ ಬೆಳಗಿನ ಐದಕ್ಕೆ ಎದ್ದ ಅಜ್ಜಿ ‘ಎದ್ದಿರ್ತಾರೆ’ ಅಂತ ಫೋನ್ ಮಾಡಿದರೆ ಪ್ಯಾರಿಸ್‌ನಲ್ಲಿ ಮಧ್ಯರಾತ್ರಿ ಒಂದೂವರೆ. ಅದಕ್ಕೇ ರಾತ್ರಿ ಊಟಕ್ಕೆ ಹೋಗುವ ಮುಂಚೆ ಒಂದು ಮೆಸೇಜ್ ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಿ ಅನ್ನುತ್ತೇನೆ. ಅಪಾಯ ಬಂದರೆ ಒತ್ತುವ ನಂಬರ್ ಮಾತ್ರ ಹೊಸದಾಗಿ ಕಲಿಯಬೇಕಿಲ್ಲ, ಯುರೋಪಿನಲ್ಲೂ ನಮ್ಮಲ್ಲಿರುವ 112 ಅದೇ.

ದುಬೈ ಗುಂಪಿಗೆ ಪಾಠ ಬೇರೆ. ಅಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ, ಸರ್ಕಾರವೇ ತಡೆದಿದೆ. ಇದು ಗೊತ್ತಿಲ್ಲದ ಮಕ್ಕಳು ಬೆಂಗಳೂರಿನಲ್ಲಿ ಕೂತು ಗಾಬರಿಯಾಗಿ ಆಫೀಸಿಗೆ ಫೋನ್ ಮಾಡುತ್ತಾರೆ. ಅದಕ್ಕೇ ಏರ್‌ಪೋರ್ಟಿಗೆ ಬಿಡಲು ಬಂದವರ ಎದುರೇ, ಮೈಕ್ ಗುರುತು ಒತ್ತಿ ಹಿಡಿದು ವಾಯ್ಸ್ ಮೆಸೇಜ್ ಕಳಿಸುವುದನ್ನು ಒಬ್ಬೊಬ್ಬರಿಂದಲೂ ಮಾಡಿಸುತ್ತೇನೆ. ಹೆಚ್ಚಿನವರು ಮಾತು ಮುಗಿಯುವ ಮುಂಚೆಯೇ ಬೆರಳು ತೆಗೆದುಬಿಡುತ್ತಾರೆ, ಮತ್ತೊಂದು ಸಲ ಮಾಡಿಸಬೇಕಾಗುತ್ತದೆ.